ಗುಡುಗುವ ಮೋಡವೆಲ್ಲ ಮಳೆಯಲ್ಲ

ಮೈಸೂರಿನ ಜಯಲಕ್ಷ್ಮಿಪುರದಲ್ಲಿ ಬೆಳಗಾಗುವ ಹೊತ್ತಿಗೆ ಮನೆಮನೆಯಲ್ಲೂ ಕಾಫಿಯ ಪರಿಮಳ ಏಳುತ್ತದೆ. ಕಾಳಿದಾಸ ರಸ್ತೆಗೆ ಸಮೀಪದ ಒಂದು ಮನೆಯಲ್ಲಿ ಮಾತ್ರ ಈಚೆಗೆ ಕಾಫಿಗಿಂತ ಮೊದಲು ಏಳುತ್ತಿದ್ದುದು ಒಂದು ವಾಗ್ವಾದ. ಮೊಮ್ಮಗನ ಪಿಕಪ್ ಗಾಡಿಗೆ ಯಾವ ಹೆಡರ್ ಹಾಕಿಸಬೇಕು ಎಂಬುದೇ ಅದರ ವಸ್ತು.

ಹೆಡರ್ ಎಂದರೇನೆಂದು ವಾಚಕರು ಕೇಳಬಹುದು. ಎಂಜಿನ್ನಿನ ಒಂದೊಂದು ಸಿಲಿಂಡರಿಗೂ ಉರಿದ ಹೊಗೆ ಹೊರಬೀಳಲು ದ್ವಾರವುಂಟು. ಸಾಮಾನ್ಯವಾಗಿ ಕಾರ್ಖಾನೆಯವರು ಆ ದ್ವಾರಗಳನ್ನೆಲ್ಲ ಎರಕದ ಕಬ್ಬಿಣದ ಒಂದು ಗಿಡ್ಡ ಮ್ಯಾನಿಫೋಲ್ಡಿಗೆ ಕೂಡಿಸುತ್ತಾರೆ. ಹೆಡರಿನಲ್ಲಾದರೋ ಪ್ರತಿಯೊಂದು ದ್ವಾರಕ್ಕೂ ಪ್ರತ್ಯೇಕವಾದ ಉಕ್ಕಿನ ಕೊಳವೆ. ಆದಷ್ಟು ಸಮನಾದ ಉದ್ದದ ಆ ಕೊಳವೆಗಳು ಮುಂದೆ ಒಂದೆಡೆ ಸಂಗಮಿಸುತ್ತವೆ. ಒಂದು ಸಿಲಿಂಡರಿನ ಹೊಗೆ ಮತ್ತೊಂದರ ಹೊಗೆಗೆ ಅಡ್ಡಿಯಾಗದೆ, ಸರಿಯಾದ ಗಳಿಗೆಯಲ್ಲಿ ಅದನ್ನು ಸೆಳೆದುಕೊಂಡೇ ಹೋಗಲೆಂಬುದು ಇದರ ಉದ್ದೇಶ.

ನಾಲ್ಕು ಚಕ್ರಗಳಿಗೂ ಶಕ್ತಿ ಹಾಯುವ ಆ ಪಿಕಪ್ ಮೊಮ್ಮಗನಿಗೆ ಬರಿಯ ಶೋಕಿಯ ವಸ್ತುವಲ್ಲ. ಹುಣಸೂರಿನಾಚೆ ಅವರಿಗೆ ಒಂದಿಷ್ಟು ಶುಂಠಿಯ ಹೊಲವುಂಟು. ವಾರಕ್ಕೊಮ್ಮೆ ತಾಯಿಯನ್ನು ಕೂರಿಸಿಕೊಂಡು ಅವನು ಅಲ್ಲಿಗೆ ಹೋಗಿಬರುತ್ತಾನೆ. ಈಚೆಗೆ ಕೆಸರಿನ ಏರಿನಲ್ಲಿ ಗಾಡಿ ಏದುಸಿರು ಬಿಡತೊಡಗಿತ್ತು. ಹೆಡರ್ ಹಾಕಿಸಿದರೆ ಬಲ ಬರುವುದೆಂದು ಗೆಳೆಯರು ಕಿವಿಯೂದಿದ್ದರು. ಶುಂಠಿ ಮಾರಿದ ಹಣದಲ್ಲಿ ಟೈರಿಗೆಂದು ತಾಯಿ ತೆಗೆದಿರಿಸಿದ್ದ ನಲವತ್ತು ಸಾವಿರ ರೂಪಾಯಿಯ ಮೇಲೆ ಈಗ ಅವನ ಕಣ್ಣು.

ತಾತನವರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ದುಡಿದವರು. 1996ರಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿದರೂ ಅವರ ಕಿವಿ ಮಾತ್ರ ಇನ್ನೂ ನಿವೃತ್ತಿ ಹೊಂದಿಲ್ಲ.

"ಜಾವಾಕ್ಕೆ ಒಂದೇ ಸಿಲಿಂಡರ್, ಎರಡು ಸೈಲೆನ್ಸರ್," ಎಂದು ಅವರು ಆರಂಭಿಸಿದರು. "ಒಳಗಿನ ಬ್ಯಾಫಲ್ ಕಿತ್ತೆಸೆದು ಊರೆಲ್ಲ ನಡುಗಿಸಿದವರನ್ನು ನಾನು ನೋಡಿದ್ದೇನೆ. ಸದ್ದು ಹೆಚ್ಚಿತು, ಏರಿನಲ್ಲಿ ಗಾಡಿ ನಿಂತಿತು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ, ಹೊರಗೆ ಹೋಗುವ ಹೊಸ ಮಿಶ್ರಣವನ್ನು ಒಳಕ್ಕೆ ತಳ್ಳುವುದು ಕೊಳವೆಯಿಂದ ಹಿಂದಿರುಗುವ ಒತ್ತಡದ ಅಲೆ. ಅದನ್ನು ಕೆಡಿಸಿದರೆ ಬಲವೆಲ್ಲಿ ಬಂತು?"

"ತಾತ, ಇದು ನಾಲ್ಕು ಸ್ಟ್ರೋಕಿನ ಎಂಜಿನ್."

"ಸರಿ ಕಣಪ್ಪ. ಪೆಟ್ರೋಲೋ ಡೀಸೆಲ್ಲೋ?"

"ಡೀಸೆಲ್. ಟರ್ಬೊ ಇದೆ."

"ಹಾಗಾದರೆ ಅರ್ಧ ಪ್ರಶ್ನೆ ಇಲ್ಲಿಗೇ ಮುಗಿಯಿತು."

ಅವರ ಮಾತಿನಲ್ಲಿ ಹುರುಳಿತ್ತು. ಮಾರುತಿಯ ಹಳೆಯ ಜಿಪ್ಸಿಯಂತಹ, ಟರ್ಬೊ ಇಲ್ಲದ ಪೆಟ್ರೋಲ್ ಗಾಡಿಯಾದರೆ ಹೆಡರಿನ ಆಯ್ಕೆಗೆ ಅರ್ಥವುಂಟು. ಕೆಸರು, ಬಂಡೆಗಳ ದಾರಿಗೆ ಬೇಕಾದದ್ದು ಎಂಜಿನ್ ನಿಧಾನವಾಗಿ ತಿರುಗುವಾಗಿನ ಎಳೆತ. ಅದಕ್ಕೆ ಉದ್ದನೆಯ, ಅತಿ ಅಗಲವಲ್ಲದ ಕೊಳವೆಗಳು ಮೇಲು. ನಾಲ್ಕು ಕೊಳವೆ ಎರಡಾಗಿ, ಎರಡು ಒಂದಾಗುವ ಮಾದರಿಯು ಈ ಕೆಲಸಕ್ಕೆ ಒಪ್ಪುತ್ತದೆ. ಗಿಡ್ಡ ಕೊಳವೆಗಳು ಪಂದ್ಯದ ಗಾಡಿಗಳಿಗೆ ಸಲ್ಲುತ್ತವೆ. ಸಾಧಾರಣ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ತಡೆಯುವ ಉಕ್ಕಿಗೆ ಬೆಲೆ ಹೆಚ್ಚು. ತೆಳು ತಗಡಿನ ಚಾಚುಪಟ್ಟಿ ಶಾಖಕ್ಕೆ ಸೊಟ್ಟಗಾಗುವುದರಿಂದ ದಪ್ಪನೆಯದನ್ನೇ ಆರಿಸಬೇಕು.

ಟರ್ಬೊ ಡೀಸೆಲ್ಲಿನ ಮಾತೇ ಬೇರೆ. ಅಲ್ಲಿ ಹೊಗೆಯ ಶಾಖ ಮತ್ತು ಒತ್ತಡಗಳೇ ಟರ್ಬೊದ ಚಕ್ರವನ್ನು ತಿರುಗಿಸಿ ಎಂಜಿನ್ನಿಗೆ ಹೆಚ್ಚಿನ ಗಾಳಿಯನ್ನು ತುಂಬುತ್ತವೆ. ಮ್ಯಾನಿಫೋಲ್ಡಿನಿಂದ ಟರ್ಬೊವರೆಗಿನ ದಾರಿ ಗಿಡ್ಡವಾಗಿ, ಬಿಗಿಯಾಗಿ ಇದ್ದಷ್ಟೂ ಒಳಿತು. ಉದ್ದನೆಯ ತೆಳುಕೊಳವೆ ಇಟ್ಟರೆ ದಾರಿಯಲ್ಲೇ ಶಾಖ ಸೋರುತ್ತದೆ. ಟರ್ಬೊ ತಡವಾಗಿ ಎಚ್ಚರಗೊಳ್ಳುತ್ತದೆ.

ತಾತ ಕನ್ನಡಕವನ್ನೇರಿಸಿ ಕಾನೂನನ್ನೂ ಮುಂದಿಟ್ಟರು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ಮನಬಂದಂತೆ ಗಾಡಿಯನ್ನು ಮಾರ್ಪಡಿಸಲು ಬಿಡುವುದಿಲ್ಲ. ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸಲಾಗದೆಂದು 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೇಳಿತು. ಶಬ್ದ ಮತ್ತು ಹೊಗೆಯ ಮಿತಿಯನ್ನು ಮೀರಿದರೆ 190ನೆಯ ಪ್ರಕರಣದಂತೆ ಮೊದಲ ಸಲವೇ ಹತ್ತು ಸಾವಿರ ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು.

"ಎದುರುಮನೆಯ ಹುಡುಗಿ ಪರೀಕ್ಷೆಗೆ ಓದುತ್ತಿದ್ದಾಳೆ. ಅವಳ ತಾಯಿಯ ದಂಡ ಇದಕ್ಕಿಂತ ಘೋರವಾದೀತು," ಎಂದರು.

ಮೊಮ್ಮಗ ನಕ್ಕ, ಆದರೆ ಬಿಡಲಿಲ್ಲ. "ಗಾಡಿ ಮೊದಲಿನಂತೆ ಎಳೆಯುತ್ತಿಲ್ಲವಲ್ಲ, ತಾತ?"

"ಅದನ್ನು ಮೊದಲೇ ಕೇಳಬೇಕಿತ್ತು. ನಾಳೆ ಬೆಳಗ್ಗೆ ನಾನು ಬರುವವರೆಗೂ ಗಾಡಿ ಚಾಲೂ ಮಾಡಬೇಡ."

ಮರುದಿನ ತಣ್ಣಗಿದ್ದ ಎಂಜಿನ್ ಚಾಲೂ ಆಯಿತು. ತಾತ ಕಣ್ಣು ಮುಚ್ಚಿ ನಿಂತರು. ಟಿಕ್, ಟಿಕ್, ಟಿಕ್. ಎಂಜಿನ್ ಕಾದಂತೆ ಲೋಹ ಹಿಗ್ಗಿ ಆ ಸದ್ದು ಅಡಗಿತು. ಗಾಡಿ ಆರಿದ ಮೇಲೆ ಟಾರ್ಚು ಹಿಡಿದು ನೋಡಿದರೆ, ಮ್ಯಾನಿಫೋಲ್ಡಿನ ಕೂಡುವೆಡೆಯಲ್ಲಿ ಕಾಡಿಗೆ ತೀಡಿದಂತೆ ಮಸಿ. ಗ್ಯಾಸ್ಕೆಟ್ ಒಡೆದಿತ್ತು, ಒಂದು ಸ್ಟಡ್ ಮುರಿದಿತ್ತು. ಟರ್ಬೊ ತಲುಪಬೇಕಾದ ಒತ್ತಡದ ಒಂದು ಪಾಲು ಅಲ್ಲೇ ಸೋರಿಹೋಗುತ್ತಿತ್ತು.

ತಾತನವರ ಮುಖ ಗಂಭೀರವಾಯಿತು. "ನಿನ್ನಮ್ಮ ಹೊಲದಿಂದ ಬಂದಾಗಲೆಲ್ಲ ತಲೆನೋವೆಂದು ಮಲಗುತ್ತಾಳಲ್ಲ, ಎಷ್ಟು ದಿನದಿಂದ?"

"ಎರಡು ತಿಂಗಳಾಯಿತು. ಬಿಸಿಲಿಗೆ ಅಂತ..."

ಮಾತು ಅಲ್ಲಿಗೇ ನಿಂತಿತು. ಮಳೆಗಾಲದ ಎರಡು ತಿಂಗಳಲ್ಲಿ ಬಿಸಿಲೆಲ್ಲಿಯದು? ಗಾಜು ಏರಿಸಿಕೊಂಡು, ಎಂಜಿನ್ನಿನ ಕಡೆಯಿಂದ ಗಾಳಿ ಎಳೆದುಕೊಂಡು, ಆ ತಾಯಿ ಪ್ರತಿ ಪಯಣದಲ್ಲೂ ಹೊಗೆಯನ್ನು ಉಸಿರಾಡುತ್ತಿದ್ದಳು. ಏರಿನಲ್ಲಿ ಗಾಡಿಯ ಏದುಸಿರು ಮಗನಿಗೆ ಕೇಳಿಸಿತ್ತು. ಪಕ್ಕದ ಆಸನದಲ್ಲಿ ಕುಳಿತವಳದು ಕೇಳಿಸಿರಲಿಲ್ಲ.

ಆ ದಿನವೇ ಗಾಡಿ ರಿಪೇರಿಗೆ ಹೋಯಿತು. ಹೊಸ ಗ್ಯಾಸ್ಕೆಟ್, ಹೊಸ ಸ್ಟಡ್, ಕೆಲಸದ ಕೂಲಿ ಎಲ್ಲ ಸೇರಿದರೂ ಹೆಡರಿನ ಬೆಲೆಯ ಹತ್ತಿರಕ್ಕೂ ಬರಲಿಲ್ಲ. ಉಳಿದ ಹಣದಲ್ಲಿ, ತಾಯಿ ಮೊದಲೇ ಹೇಳಿದ್ದಂತೆ, ಕೆಸರಿಗೊಪ್ಪುವ ಟೈರುಗಳು ಬಂದವು.

ಮುಂದಿನ ವಾರ ಗಾಡಿ ಹೊಲದ ಏರನ್ನು ಸದ್ದಿಲ್ಲದೆ ಹತ್ತಿತು. ಸಂಜೆ ಮನೆಗೆ ಬಂದ ತಾಯಿಗೆ ಮಗ ಅಭ್ಯಾಸಬಲದಿಂದ ಅಮೃತಾಂಜನದ ಡಬ್ಬಿಯನ್ನು ತಂದುಕೊಟ್ಟ. ಆಕೆ ಅದನ್ನು ಗೂಡಿನಲ್ಲಿಟ್ಟು, ಎಲ್ಲರಿಗೂ ಕಾಫಿ ಮಾಡಲು ಅಡಿಗೆಮನೆಗೆ ನಡೆದಳು.