ರಾಜಧಾನಿಗೆ ಮಕ್ಕಳನ್ನು ಕರೆದೊಯ್ಯುವ ಮುನ್ನ



ಬೇಸಗೆಯ ರಜೆ ಸಮೀಪಿಸಿದಂತೆ ಸುಲ್ತಾನ್ ಬತ್ತೇರಿಯ ಸುತ್ತಿನ ಕನ್ನಡದ ಮನೆಗಳಲ್ಲಿ ಪ್ರತಿವರ್ಷವೂ ಒಂದು ಮಾತು ಏಳುತ್ತದೆ: ಈ ಸಲ ಮಕ್ಕಳಿಗೆ ರಾಜಧಾನಿ ತೋರಿಸಿಕೊಂಡು ಬರೋಣ. ಹಿರಿಯರು ಹಣ ಹೊಂದಿಸುತ್ತಾರೆ. ಎಲ್ಲಿಗೆ ಹೋಗುವುದು, ಏನನ್ನು ನೋಡುವುದು ಎಂಬುದನ್ನು ಮನೆಯಲ್ಲಿ ಓದಿದವರಿಗೆ ಬಿಡುತ್ತಾರೆ. ಆ ಓದಿದವರು ಬಹುಮಟ್ಟಿಗೆ ನೀವೇ. ತಮ್ಮ, ತಂಗಿ, ಅಕ್ಕನ ಮಕ್ಕಳು ಎಂದು ನಾಲ್ಕಾರು ಪುಟ್ಟ ಕೈಗಳನ್ನು ಹಿಡಿದು ನಡೆಯಬೇಕಾದವರೂ ನೀವೇ. ಆದುದರಿಂದ ಈ ವಿಷಯವನ್ನು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳ ಮುಂದಿಡುವುದು ಅಪ್ರಸ್ತುತವಾಗಲಾರದು ಎಂದು ಭಾವಿಸಿದ್ದೇನೆ.

ಮೊದಲ ಪ್ರಶ್ನೆ, ಯಾವ ರಾಜಧಾನಿ? ಬತ್ತೇರಿಯಲ್ಲಿ ನಿಂತವನಿಗೆ ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ನಾವು ಮತ ಹಾಕುವ ರಾಜ್ಯದ ರಾಜಧಾನಿ ತಿರುವನಂತಪುರ. ಅದು 400 ಕಿಲೋಮೀಟರಿಗೂ ಮಿಕ್ಕಿದ ದೂರದಲ್ಲಿದೆ. ನಮ್ಮ ಮನೆಮಾತಿನ ರಾಜಧಾನಿ ಬೆಂಗಳೂರು. ಅದು ಸುಮಾರು 260 ಕಿಲೋಮೀಟರ್. ಈ ಊರಿಗೆ ಹೆಸರು ಕೊಟ್ಟ ಅರಸನ ರಾಜಧಾನಿ ಶ್ರೀರಂಗಪಟ್ಟಣ. ಇಲ್ಲಿಂದ 115 ಕಿಲೋಮೀಟರಿನಷ್ಟು ದೂರದ ಮೈಸೂರನ್ನು ದಾಟಿದರೆ ಅರ್ಧ ಗಂಟೆಯ ಹಾದಿ. ಹೀಗೆ ಒಂದೇ ಮನೆಗೆ ಮೂರು ರಾಜಧಾನಿಗಳು. ಗಡಿಯ ಬದುಕಿನ ತೊಡಕು ಇದು, ಸಂಪತ್ತೂ ಇದೇ.

ಎರಡು ಭಾಷೆಯ ಶಾಲೆಗಳಲ್ಲಿ ಓದಿದ ನನಗೆ ಈ ಬಗೆಯ ಬಹುತ್ವ ಹೊಸತಲ್ಲ. ಮರಾಠಿ ಶಾಲೆಯಲ್ಲಿ ಪ್ರವಾಸಕ್ಕೆ ‘ಸಹಲ’ ಎನ್ನುತ್ತಿದ್ದರು. ಅಲ್ಲಿ ರಾಜಧಾನಿ ಎಂದರೆ 1674ರಲ್ಲಿ ಶಿವಾಜಿ ಮಹಾರಾಜರ ಪಟ್ಟಾಭಿಷೇಕ ನಡೆದ ರಾಯಗಡ. ಕನ್ನಡ ತರಗತಿಯಲ್ಲಿ ರಾಜಧಾನಿ ಎಂದರೆ ಹಂಪಿ, ಬಾದಾಮಿ, ಕಲ್ಯಾಣ. ಒಂದು ಮನಸ್ಸಿನಲ್ಲಿ ಇವೆರಡೂ ಜಗಳವಾಡದೆ ಕೂತಿದ್ದವು. ಅಧಿಕಾರದ ಪೀಠಗಳು ಊರಿಂದೂರಿಗೆ ಸರಿಯುತ್ತವೆ, ಜನ ಮತ್ತು ಅವರ ಮಾತು ಉಳಿದುಕೊಳ್ಳುತ್ತವೆ ಎಂಬ ತಿಳಿವು ಚಿಕ್ಕಂದಿನಲ್ಲೇ ಬಂದರೆ ಮಗುವಿನ ಮನಸ್ಸು ಅಗಲವಾಗುತ್ತದೆ. ಆದುದರಿಂದ ಮೂರು ರಾಜಧಾನಿಗಳಲ್ಲಿ ಯಾವುದನ್ನೂ ಬಿಡಬೇಕೆಂದು ನಾನು ಹೇಳುವುದಿಲ್ಲ. ಯಾವುದನ್ನು ಮೊದಲು, ಯಾವ ವಯಸ್ಸಿಗೆ, ಹೇಗೆ ಎಂಬುದಷ್ಟೇ ನನ್ನ ಚರ್ಚೆ.

ತಿರುವನಂತಪುರದ ಪರವಾಗಿ ಬಲವಾದ ವಾದವಿದೆ. ನಮ್ಮ ಮಕ್ಕಳು ಕೇರಳದ ಪ್ರಜೆಗಳು. 2017ರಲ್ಲಿ ಈ ರಾಜ್ಯದ ಶಾಲೆಗಳಲ್ಲಿ ಮಲೆಯಾಳದ ಕಲಿಕೆಯನ್ನು ಕಡ್ಡಾಯಗೊಳಿಸಿದ ಕಾನೂನು ರೂಪುಗೊಂಡದ್ದು ಅಲ್ಲಿ; ಕಾಸರಗೋಡಿನ ಕನ್ನಡಿಗರು ತಮ್ಮ ಆತಂಕವನ್ನು ಮುಟ್ಟಿಸಬೇಕಾಗಿದ್ದುದೂ ಅಲ್ಲಿಗೇ. ತಮ್ಮ ಪಾಠಪುಸ್ತಕದ ಭಾಷೆಯನ್ನು ನಿರ್ಧರಿಸುವ ಸಭೆ ಎಲ್ಲಿ ಸೇರುತ್ತದೆ ಎಂಬುದನ್ನು ಮಕ್ಕಳು ಕಾಣಬೇಕು. ಆದರೆ ವಯನಾಡಿಗೆ ರೈಲಿಲ್ಲ. ತಾಮರಶ್ಶೇರಿ ಚುರದ ಒಂಬತ್ತು ಮುರುವುಗಳನ್ನಿಳಿದು, ಕೋಳಿಕ್ಕೋಡಿನಲ್ಲಿ ರೈಲು ಹಿಡಿದು ಇರುಳೆಲ್ಲ ಸಾಗಬೇಕು. ನಾಲ್ಕೈದು ವರ್ಷದ ಮಗು ಚುರದಲ್ಲೇ ವಾಂತಿ ಮಾಡಿ ಸೋತುಹೋದರೆ ಮುಂದಿನ ದಿನ ಅದಕ್ಕೆ ಯಾವ ಶಾಸನಸಭೆಯೂ ಕಾಣಿಸದು. ಶಾಸನಸಭೆ ಎಂದರೇನೆಂದು ಪಾಠದಲ್ಲಿ ಓದಿ ಪ್ರಶ್ನೆ ಕೇಳುವ ಹತ್ತು ಹನ್ನೆರಡರ ವಯಸ್ಸಿಗೆ ಆ ಪ್ರಯಾಣವನ್ನು ಮೀಸಲಿಡುವುದು ಒಳಿತು.

ಬೆಂಗಳೂರಿನ ದಾರಿ ಸಮತಟ್ಟು. ಮುತ್ತಂಗ, ಬಂಡೀಪುರ, ಗುಂಡ್ಲುಪೇಟೆ, ನಂಜನಗೂಡು ಎಂದು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ಘಟ್ಟವಿಳಿಯುವ ಪ್ರಮೇಯವಿಲ್ಲ. ಆದರೆ 2009ರಿಂದ ಬಂಡೀಪುರದ ಕಾಡಿನೊಳಗೆ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಕೆಲವೇ ಬಸ್ಸುಗಳಿಗೂ ತುರ್ತು ವಾಹನಗಳಿಗೂ ವಿನಾಯಿತಿ. ದೊಡ್ಡವರು ಇದನ್ನು ಅಡಚಣೆಯೆಂದು ಗೊಣಗುತ್ತಾರೆ. ಮಕ್ಕಳೊಡನೆ ಹೋಗುವವರು ಇದನ್ನೇ ಮೊದಲ ಪಾಠವನ್ನಾಗಿ ಮಾಡಿಕೊಳ್ಳಬಹುದು. ನಾವು ಮಲಗುವ ಹೊತ್ತಿನಲ್ಲಿ ಆನೆ ಎಚ್ಚರವಾಗಿರುತ್ತದೆ. ಅದು ರಸ್ತೆ ದಾಟಬೇಕು. ಆದ್ದರಿಂದ ನಾವು ಕಾಯಬೇಕು. ಇಷ್ಟು ಹೇಳಿದರೆ ಐದು ವರ್ಷದ ಮಗುವಿಗೂ ಕಾನೂನು ಎಂದರೇನೆಂದು ಅರ್ಥವಾಗುತ್ತದೆ. ಕಾಡಿನಲ್ಲಿ ಗಾಡಿ ನಿಲ್ಲಿಸಿ ಕೋತಿಗೆ ಬಾಳೆಹಣ್ಣು ಎಸೆದರೆ ಆ ಪಾಠ ಅಲ್ಲಿಯೇ ಕೆಡುತ್ತದೆ.

ಹೊರಡುವ ಮುನ್ನ ಒಂದು ಕೆಲಸವಿದೆ. ಮಕ್ಕಳನ್ನು ನಮ್ಮೂರಿನ ಜೈನ ಬಸದಿಗೆ ಕರೆದೊಯ್ಯಿರಿ. ವಿಜಯನಗರ ಶೈಲಿಯ ಆ ಕಲ್ಲಿನ ಕಟ್ಟಡವನ್ನು ಕೇಂದ್ರ ಪುರಾತತ್ತ್ವ ಇಲಾಖೆ ಸಂರಕ್ಷಿಸುತ್ತಿದೆ. ಟಿಪ್ಪುವಿನ ಸೇನೆ ಅದನ್ನು ಮದ್ದುಗುಂಡಿನ ಕೋಠಿಯಾಗಿ ಬಳಸಿತೆಂದೂ, ಆ ‘ಬ್ಯಾಟರಿ’ಯೇ ‘ಬತ್ತೇರಿ’ ಆಯಿತೆಂದೂ ಪ್ರಸಿದ್ಧಿ. ಅದಕ್ಕೂ ಮುನ್ನ ಊರಿಗೆ ಗಣಪತಿವಟ್ಟಂ ಎಂಬ ಹೆಸರಿತ್ತು. ಜೈನರಲ್ಲಿ ‘ಹನ್ನೆರಡು ಬೀದಿ’ ಎಂಬ ಅಚ್ಚಕನ್ನಡದ ಹೆಸರೂ ಬಳಕೆಯಲ್ಲಿತ್ತೆಂದು ಹೇಳುತ್ತಾರೆ. ಹೆಸರುಗಳ ಬಗ್ಗೆ ಇಂದು ವೇದಿಕೆಗಳಲ್ಲಿ ನಡೆಯುವ ವಾಗ್ವಾದವನ್ನು ಮಕ್ಕಳ ತಲೆಗೆ ತುಂಬುವುದು ಬೇಡ. ಊರೊಂದಕ್ಕೆ ಮೂರು ಹೆಸರುಗಳಿರಬಹುದು, ಮೂರೂ ನಿಜವಿರಬಹುದು ಎಂದು ಹೇಳಿದರೆ ಸಾಕು. ಭಾಷಾಶಾಸ್ತ್ರದಲ್ಲಿ ನೀವು ಓದುವ ಸ್ಥಳನಾಮಗಳ ಪಾಠ ಇದೇ ಅಲ್ಲವೇ?

ಅಲ್ಲಿಂದ ದಾರಿ ನೇರವಾಗಿ ಶ್ರೀರಂಗಪಟ್ಟಣಕ್ಕೆ. 1610ರಲ್ಲಿ ರಾಜ ಒಡೆಯರ ವಶವಾದ ಈ ದ್ವೀಪದುರ್ಗ 1799ರ ಮೇ 4ರಂದು ಬ್ರಿಟಿಷರಿಗೆ ಬಿದ್ದಿತು. ರಂಗನಾಥನ ಗುಡಿ, ಗುಂಬಜ್, ಸೆರೆಮನೆ, ಕೋಟೆಯ ಬಾಗಿಲು ಎಂದು ನೋಡಬೇಕಾದವು ಹತ್ತು ಹದಿನೈದಿವೆ. ಮಕ್ಕಳಿಗೆ ಎರಡು ಸಾಕು. ಒಂದು, 1784ರಲ್ಲಿ ಕಟ್ಟಿದ ದರಿಯಾ ದೌಲತ್‌ನ ಗೋಡೆಯ ಮೇಲಿನ ಪೊಳಿಲೂರು ಯುದ್ಧದ ಚಿತ್ರ. ಆನೆ, ಕುದುರೆ, ತೋಪುಗಳನ್ನು ಎಣಿಸುತ್ತ ಮಗು ಅರ್ಧ ಗಂಟೆ ನಿಲ್ಲಬಲ್ಲದು. ಇನ್ನೊಂದು, ಕಾವೇರಿ. ನಮ್ಮ ವಯನಾಡಿನ ಕಬಿನಿ ತಿರುಮಕೂಡಲಿನಲ್ಲಿ ಇದೇ ಕಾವೇರಿಯನ್ನು ಸೇರುತ್ತದೆ. ಮನೆಯ ಹಿಂದಿನ ತೋಡಿನ ನೀರು ಮುಂದೆ ಯಾವ ಹೊಳೆಯ ಪಾಲಾಗುತ್ತದೆ ಎಂದು ತೋರಿಸಿದ ಮೇಲೆ ರಾಜ್ಯಗಳ ಗಡಿರೇಖೆಯ ಬಗ್ಗೆ ಮಗುವಿಗೆ ಬೇರೆ ಉಪದೇಶ ಬೇಕಾಗುವುದಿಲ್ಲ.

ಇನ್ನು ಬೆಂಗಳೂರು. ಇಲ್ಲಿಯೇ ನಮ್ಮವರ ಯೋಜನೆಗಳು ಹಳಿ ತಪ್ಪುವುದು. ದಿನಕ್ಕೆ ಏಳು ಸ್ಥಳ, ನಡುವೆ ಒಂದು ಮಾಲ್, ಸಂಜೆ ಸಾಮಾನು ಖರೀದಿ. ಮರಳಿ ಬಂದ ಮಗುವನ್ನು ಏನು ನೋಡಿದೆ ಎಂದು ಕೇಳಿದರೆ ಎಸ್ಕಲೇಟರ್ ಎನ್ನುತ್ತದೆ. ತಪ್ಪು ಮಗುವಿನದಲ್ಲ, ಆ ದಿನ ಅದರ ಜೊತೆ ಯಾರೂ ನಿಧಾನವಾಗಿ ಮಾತಾಡಿರಲಿಲ್ಲ. ದಿನಕ್ಕೆ ಎರಡು ಸ್ಥಳ, ಊಟದ ಮೇಲೆ ನಿದ್ದೆ, ಸಂಜೆ ಬಯಲು: ಪುಟ್ಟ ಮಕ್ಕಳೊಡನೆ ಇದಕ್ಕಿಂತ ಹೆಚ್ಚಿನದನ್ನು ಮಾಡಹೊರಟವರು ಎಲ್ಲವನ್ನೂ ಕಳೆದುಕೊಳ್ಳುತ್ತಾರೆ.

ಹಾಗಾದರೆ ಯಾವ ಸ್ಥಳಗಳು? ಶ್ರೀರಂಗಪಟ್ಟಣವನ್ನು ಕಂಡು ಬಂದ ಮಗುವಿಗೆ ಲಾಲ್‌ಬಾಗ್ ಸಹಜವಾದ ಮುಂದಿನ ಅಧ್ಯಾಯ. ಅದನ್ನು ಆರಂಭಿಸಿದವನು ಹೈದರಾಲಿ, 1760ರಲ್ಲಿ, ಬೆಳೆಸಿದವನು ಟಿಪ್ಪು. ಅಲ್ಲಿನ ಬಂಡೆ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು. ಅದರ ಮೇಲೆ ಕೆಂಪೇಗೌಡರ ಹೆಸರಿನ ಗೋಪುರ. ಬಂಡೆ ಹತ್ತಿ ಇಳಿಯುವುದು ಯಾವ ಆಟಕ್ಕೂ ಕಡಿಮೆಯಲ್ಲ.

ಎರಡನೆಯದು ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ. 1865ರಲ್ಲಿ ಸ್ಥಾಪಿತವಾದ ಈ ಸಂಗ್ರಹಾಲಯದಲ್ಲಿ ನೀವು ಶಾಸನ ಪತ್ರಿಕೆಯಲ್ಲಿ ಓದುವ ಆತಕೂರು ಶಾಸನವಿದೆ. 949–50ರ ಸುಮಾರಿನ ಈ ಕಲ್ಲನ್ನು ನಾವು ತಕ್ಕೋಲದ ಯುದ್ಧ, ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗ ಬೂತುಗ ಎಂದು ಅಂಕಗಳಿಗಾಗಿ ಬಾಯಿಪಾಠ ಮಾಡುತ್ತೇವೆ. ಮಗುವಿಗೆ ಬೇಕಾದದ್ದು ಬೇರೆ. ಯುದ್ಧದಲ್ಲಿ ಮೆಚ್ಚುಗೆ ಪಡೆದ ಮಣಲೇರನಿಗೆ ಬೇಕಾದುದನ್ನು ಕೇಳು ಎಂದರೆ ಅವನು ಕೇಳಿದ್ದು ಕಾಳಿ ಎಂಬ ಹೆಸರಿನ ನಾಯಿಯನ್ನು. ಆ ನಾಯಿ ದೊಡ್ಡದೊಂದು ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿಯೂ ಇದೆ, ಹಂದಿಯೂ ಇದೆ. ಸಾವಿರ ವರ್ಷದ ಹಿಂದೆಯೂ ನಮ್ಮ ಮಾತಿನಲ್ಲಿ ಒಂದು ನಾಯಿಗಾಗಿ ದುಃಖಿಸಿ ಬರೆದವರಿದ್ದರು ಎಂದು ತಿಳಿದ ಮಗು ಕನ್ನಡವನ್ನು ಬೇರೆ ಕಣ್ಣಿನಿಂದ ನೋಡುತ್ತದೆ. ಕಾಡುಹಂದಿಯನ್ನು ಗದ್ದೆಯಂಚಿನಲ್ಲಿ ಕಂಡಿರುವ ವಯನಾಡಿನ ಮಗುವಿಗೆ ಈ ಕಥೆಯನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ವಿಧಾನಸೌಧ. 1951ರಲ್ಲಿ ಅಡಿಗಲ್ಲು, 1956ರಲ್ಲಿ ಪೂರ್ಣ. ಕಟ್ಟಿಸಿದವರು ಕೆಂಗಲ್ ಹನುಮಂತಯ್ಯನವರು. 2025ರಿಂದ ಒಳಗೆ ಮಾರ್ಗದರ್ಶಿಯೊಡನೆ ನೋಡುವ ವ್ಯವಸ್ಥೆಯಾಗಿದೆ. ದಿನ ಮತ್ತು ಹೊತ್ತನ್ನು ಮುಂಗಡ ಕಾಯ್ದಿರಿಸಿಕೊಳ್ಳಬೇಕು. ಒಳಗೆ ಹೋಗಲಾಗದಿದ್ದರೂ ಚಿಂತೆಯಿಲ್ಲ, ರಸ್ತೆಯ ಈಚೆ ನಿಂತು ಮುಂಭಾಗದ ಬರಹವನ್ನು ಮಗುವಿನಿಂದ ಓದಿಸಿರಿ: ‘ಸರ್ಕಾರದ ಕೆಲಸ ದೇವರ ಕೆಲಸ’.

ನನ್ನ ಲೇಖನದ ತಿರುಳು ಈ ಓದಿಸುವ ಮಾತಿನಲ್ಲಿದೆ. ಬತ್ತೇರಿಯ ಸುತ್ತ ಕನ್ನಡವನ್ನು ಆಡುವ ಜೈನ ಗೌಡರ ಮನೆಗಳಿವೆ, ಮೈಸೂರು ಸೀಮೆಯಿಂದ ಬಂದು ನೆಲೆಸಿದವರಿದ್ದಾರೆ, ಕನ್ನಡಕ್ಕೆ ಹತ್ತಿರದ ಮಾತಾಡುವ ಕಾಟುನಾಯಕರಿದ್ದಾರೆ. ಈ ಮಕ್ಕಳು ಕನ್ನಡವನ್ನು ಕಿವಿಯಿಂದ ಬಲ್ಲರು. ಅಕ್ಷರದಿಂದ ಬಲ್ಲವರು ಕಡಿಮೆ. ಶಾಲೆಯಲ್ಲಿ ಮಲೆಯಾಳ, ಇಂಗ್ಲಿಷ್. ಅಂಗಡಿಯ ಫಲಕದಲ್ಲಿಯೂ ಅವೇ. ಅಜ್ಜಿಯ ಮಾತು ಅಡುಗೆಮನೆಯ ಮಾತು, ಹೊರಗೆ ಬೆಲೆಯಿಲ್ಲದ್ದು ಎಂಬ ಭಾವನೆ ಯಾರೂ ಹೇಳಿಕೊಡದೆ ಬೆಳೆಯುತ್ತದೆ. ಅಂಥ ಮಗು ತನ್ನ ಅಜ್ಜಿಯ ಮಾತನ್ನು ಒಂದು ರಾಜ್ಯದ ಶಾಸನಸಭೆಯ ನೆತ್ತಿಯ ಮೇಲೆ, ಬಸ್ಸಿನ ಹಣೆಯ ಮೇಲೆ, ಮೆಟ್ರೋ ನಿಲ್ದಾಣದ ಗೋಡೆಯ ಮೇಲೆ ಕಾಣುವುದು ಸಣ್ಣ ಸಂಗತಿಯಲ್ಲ. ಅಜ್ಜಿಯಾಡುವ ‘ಕೆಲಸ’ ಎಂಬ ಪದವೇ ಅಷ್ಟೆತ್ತರದಲ್ಲಿದೆ ಎಂದು ಅದಕ್ಕೆ ತಿಳಿದರೆ ಪ್ರವಾಸದ ಖರ್ಚು ಸಾರ್ಥಕ. ಇದನ್ನು ಮಲೆಯಾಳದ ಮೇಲಿನ ಮುನಿಸಿನಿಂದ ಹೇಳುತ್ತಿಲ್ಲ. ಎರಡು ಲಿಪಿಗಳಲ್ಲಿ ಬೆಳೆದವನಾಗಿ ಹೇಳುತ್ತೇನೆ: ಒಂದನ್ನು ಚೆನ್ನಾಗಿ ಓದಬಲ್ಲ ಮಗು ಇನ್ನೊಂದಕ್ಕೆ ಅಂಜುವುದಿಲ್ಲ.

ಪುಟ್ಟ ಮಕ್ಕಳಿಗೆ ಶಾಸನವೇ, ಆಟ ಬೇಡವೇ ಎಂದು ನೀವು ಕೇಳಬಹುದು. ಖಂಡಿತ ಬೇಕು. ಸಂಗ್ರಹಾಲಯಕ್ಕೆ ಹತ್ತಿಕೊಂಡೇ ಕಬ್ಬನ್ ಪಾರ್ಕಿದೆ, ಅದರೊಳಗೆ ಬಾಲಭವನವಿದೆ. ಅದೇ ರಸ್ತೆಯ ವಿಶ್ವೇಶ್ವರಯ್ಯ ಸಂಗ್ರಹಾಲಯದಲ್ಲಿ ರೈಟ್ ಸಹೋದರರ ವಿಮಾನದ ಪ್ರತಿಕೃತಿಯಿದೆ. ಎಲ್ಲವೂ ಮಗುವಿನ ನಡಿಗೆಯ ಅಳತೆಯೊಳಗೆ. ಇಷ್ಟೂ ಖರ್ಚು ಸೇರಿದರೂ ಒಂದು ಮನೋರಂಜನಾ ಉದ್ಯಾನದ ಪ್ರವೇಶದರಕ್ಕೆ ಸಮವಾಗದು. ಕಾಫಿ ಬೆಲೆ, ಮೆಣಸಿನ ಬೆಲೆ ನೋಡಿ ಹೊರಡುವ ನಮ್ಮ ಮನೆಗಳಿಗೆ ಅದೂ ಒಂದು ಮಾತೇ. ವಾರದ ರಜೆಗಳನ್ನು ಮಾತ್ರ ಮೊದಲೇ ವಿಚಾರಿಸಿಕೊಳ್ಳಿರಿ: ಮೈಸೂರಿನ ಮೃಗಾಲಯಕ್ಕೆ ಮಂಗಳವಾರ ಬಿಡುವು, ಬೆಂಗಳೂರಿನಲ್ಲಿ ಹಲವಕ್ಕೆ ಸೋಮವಾರ. ಮಕ್ಕಳ ಅಂಗಿಯ ಜೇಬಿನಲ್ಲಿ ಮನೆಯವರ ಫೋನ್ ಸಂಖ್ಯೆಯ ಚೀಟಿಯಿರಲಿ. ಅದನ್ನು ಕನ್ನಡದಲ್ಲಿಯೂ ಬರೆಯಿರಿ.

ಪ್ರವಾಸಸಾಹಿತ್ಯದ ಪಾಠದಲ್ಲಿ ನೀವು ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’, ಕಾರಂತರ ‘ಅಬೂವಿಂದ ಬರಾಮಕ್ಕೆ’ ಮೊದಲಾದವುಗಳ ಹೆಸರು ಕೇಳಿದ್ದೀರಿ. ಮರಾಠಿಯಲ್ಲಿ ಗೋಡ್ಸೆ ಭಟ್ಟರ ‘ಮಾಝಾ ಪ್ರವಾಸ’ವಿದೆ, ದಕ್ಷಿಣೆಯ ಆಸೆಯಿಂದ ಉತ್ತರಕ್ಕೆ ಹೊರಟವರು 1857ರ ದಂಗೆಯ ನಡುವೆ ಸಿಕ್ಕಿಕೊಂಡು ಝಾನ್ಸಿಯ ಪತನವನ್ನು ಕಂಡು ಬಂದರು. ಯೋಜನೆಯಲ್ಲಿಲ್ಲದ್ದೇ ಅವರ ಪುಸ್ತಕವಾಯಿತು. ಆದ್ದರಿಂದ ನಿಮ್ಮ ಯೋಜನೆಯಲ್ಲಿಯೂ ಖಾಲಿ ಹೊತ್ತು ಉಳಿದಿರಲಿ. ಮಗು ಇರುವೆಯ ಸಾಲನ್ನು ನೋಡುತ್ತ ನಿಂತರೆ ಎಳೆದೊಯ್ಯಬೇಡಿರಿ. ನಮ್ಮ ಪ್ರವಾಸಕಥನಗಳ ಯಾತ್ರಿಕರು ಬಹುಮಟ್ಟಿಗೆ ವಯಸ್ಕರು. ಮೂರಡಿ ಎತ್ತರದ ಕಣ್ಣಿಗೆ ರಾಜಧಾನಿ ಹೇಗೆ ಕಾಣುತ್ತದೆ ಎಂಬುದನ್ನು ಬರೆಯುವ ಕೆಲಸ ಇನ್ನೂ ಬಹಳ ಬಾಕಿಯಿದೆ.

ಆದುದರಿಂದ ಈ ರಜೆಗೆ ನಿಮಗೊಂದು ಕೆಲಸ ಕೊಡುತ್ತೇನೆ. ಮನೆಯ ಮಕ್ಕಳೊಡನೆ ಯಾವ ರಾಜಧಾನಿಗೆ ಹೋಗುವುದಾದರೂ ಹೊರಡುವ ಮುನ್ನ ಒಂದು ಸ್ಥಳದ ಬಗ್ಗೆ ಅರ್ಧ ಪುಟ ಬರೆಯಿರಿ. ಆರು ವರ್ಷದ ಮಗುವಿಗೆ ಓದಿ ಹೇಳುವಂತಿರಲಿ, ಅದರಲ್ಲಿ ಕಠಿಣ ಪದ ಒಂದೂ ಇರದಿರಲಿ. ಬಂದ ಮೇಲೆ ಮಗು ಕೇಳಿದ ಪ್ರಶ್ನೆಗಳನ್ನು ಹಾಗೆಯೇ ಬರೆದಿಡಿರಿ. ಅಂಥ ಬರಹಗಳು ಬಂದರೆ ಮುಂದಿನ ಸಂಚಿಕೆಯಲ್ಲಿ ಅವುಗಳಿಗೆ ಎಡೆ ಕಾದಿರಿಸಲಾಗುವುದು.