ಕೆರಿಗೆ ಬಿಟ್ರ ಪುಣ್ಯ ಅಲ್ರೀ

ಹುಡುಗೂರು ಹಟಾ ಹಿಡದು ಗಾಜಿನ ತೊಟ್ಟಿಗೆ ಪಿರಾನ್ಹಾ ಮೀನ ತರಸ್ತಾರ. ಆಸೆ ಅವರದು, ನೀರು ಬದ್ಲಿ ಮಾಡೂದು ನಮ್ಮ ಪಾಲು!

ತರೂಕಿಂತ ಮೊದ್ಲ ಹಲ್ಲು ನೋಡ್ರಿ ಅಕ್ಕಾರ. ಪಿರಾನ್ಹಾದ ಹಲ್ಲು ಗರಗಸದಂಗ ಚೂಪ ಇರ್ತಾವ. ನಮ್ಮ ಹಲ್ಲಿನಂಗ ಚಪ್ಪಟೆ ಇದ್ರ ಅದು ಪಾಕು, ಸಂತ್ಯಾಗ ರೂಪಚಂದ ಅಂತ ಮಾರೂ ಮೀನ. ಎರಡೂ ದಕ್ಷಿಣ ಅಮೆರಿಕಾದ್ದ. ರೂಪಚಂದ ಮೊಳದುದ್ದ ಬೆಳೀತೈತಿ, ಸಣ್ಣ ತೊಟ್ಟಿ ಸಾಲಂಗಿಲ್ಲ.

ಪಿರಾನ್ಹಾಕ್ಕ ಮೀನಿನ ತುಂಡು, ಸೀಗಡಿ ಹಾಕ್ರಿ. ತಿಂದು ಉಳದದ್ದು ಆಗಿಂದಾಗ ತಗೀರಿ, ಇಲ್ಲಾಂದ್ರ ನೀರು ನಾರತೈತಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದ್ಲಿ ಮಾಡ್ರಿ. ಬರಿಗೈ ಒಳಗ ಹಾಕಬ್ಯಾಡ್ರಿ.

ಬ್ಯಾಸರಾತಂದ್ರ? "ಕೊಲ್ಲೂದು ಪಾಪ, ಕೆರಿಗೆ ಬಿಟ್ರ ಪುಣ್ಯ" ಅಂತಾರ ಕೆಲವರು. ನಾ ಒಪ್ಪಂಗಿಲ್ಲ. ನಮ್ಮ ಮಾಗಡಿ ಕೆರಿ 2024ರಾಗ ರಾಮ್ಸಾರ್ ಪಟ್ಟಿ ಸೇರೈತಿ. ಚಳಿಗಾಲಕ್ಕ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತು ಬರ್ತಾವ. ಅವು ಹುಲ್ಲು, ಕಾಳು ತಿಂತಾವ ಖರೆ, ಆದ್ರ ಮೀನ ನಂಬಿದ ಹಕ್ಕೀನೂ ಇಲ್ಲಿ ಭಾಳ ಅದಾವ. ಪರದೇಶದ ಮೀನ ನಮ್ಮ ಮೀನಿನ ಮರಿ ನುಂಗಿದ್ರ ಆ ಹಕ್ಕಿ ಏನ ತಿನ್ನಬೇಕು? ಒಂದು ಜೀವ ಉಳಸಾಕ ಹೋಗಿ ನೂರು ಜೀವದ ತುತ್ತು ಕಸಗೊಂಡಂಗ.

ಸಾಕಾಕ ಆಗಲಿಲ್ಲಂದ್ರ ತಂದ ಅಂಗಡಿಗೇ ವಾಪಸ್ ಕೊಡ್ರಿ. ಅವರು ತಗೋತಾರೋ ಇಲ್ಲೋ ಅನ್ನೂದು ಕೊಳ್ಳೂ ಮುಂದ ಕೇಳ್ರಿ. ಇಲ್ಲಂದ್ರ ತರೂದ ಬ್ಯಾಡ.