ಬೀಗವಿದ್ದ ಮಾತ್ರಕ್ಕೆ ನಂಬುಗೆಯೇ?

ಮೂಡಲಗಿಯ ಪೇಟೆಯಲ್ಲಿ ಗೋಕಾಕದ ಕರದಂಟು ಕೊಳ್ಳುವ ಗೃಹಿಣಿಗೆ ಅಂಗಡಿಕಾರನ ಮುಖಪರಿಚಯವೇ ಭರವಸೆ. ಜಾಲತಾಣದ ಅಂಗಡಿಗೆ ಮುಖವಿಲ್ಲ. ಅದರ ವಿಳಾಸದ ಬಳಿ ಕಾಣುವ ಬೀಗದ ಚಿತ್ರವು, ಕಳುಹಿಸಿದ ಮಾಹಿತಿಯನ್ನು ನಡುದಾರಿಯಲ್ಲಿ ಅನ್ಯರು ಓದಲಾರರೆಂದು ಹೇಳುವುದೇ ಹೊರತು ವ್ಯಾಪಾರಿಯು ಪ್ರಾಮಾಣಿಕನೆಂದಲ್ಲ. ವಂಚಕನೂ ಆ ಬೀಗವನ್ನು ಪಡೆಯಬಲ್ಲನು. ಹೆಸರಾಂತ ಅಂಗಡಿಯ ಹೆಸರಿನಲ್ಲಿ ಒಂದಕ್ಷರ ತಿರುಚಿದ ತಾಣಗಳೂ ಉಂಟು. ಮಾರುವವರ ಹೆಸರು, ವಿಳಾಸ, ದೂರು ಕೇಳುವ ಅಧಿಕಾರಿಯ ವಿವರಗಳು ತಾಣದಲ್ಲಿರಬೇಕೆಂದು ಗ್ರಾಹಕ ಸಂರಕ್ಷಣೆಯ 2020ರ ಇ-ವಾಣಿಜ್ಯ ನಿಯಮಗಳು ವಿಧಿಸಿವೆ. ಇವಿಲ್ಲದ ಕಡೆ ಇಳಕಲ್ ಸೀರೆ ಅರ್ಧ ಬೆಲೆಗೆ ದೊರೆತರೂ ಮುಂಗಡ ತೆರಲಾಗದು. ಮೋಸಹೋದವರು ನಾಚಿ ಮುಚ್ಚಿಡದೆ, ಕೂಡಲೇ 1930ಕ್ಕೆ ದೂರವಾಣಿ ಮಾಡಬೇಕು. ಹಣವು ಖಾತೆಯಿಂದ ಖಾತೆಗೆ ಸಾಗಿಹೋಗುವ ಮುನ್ನ ಅದನ್ನು ತಡೆಹಿಡಿಯುವ ಸಂಭವವುಂಟು.